ಆ್ಯಪ್ ಬಳಸುವ ಮಕ್ಕಳು ಆ್ಯಪ್ ಕಟ್ಟುವುದು ಯಾವಾಗ?

ಮುಂಗಾರು ಬಿತ್ತನೆ ಮುಗಿದು ಗೋವಿನಜೋಳ ಮೊಣಕಾಲೆತ್ತರ ಬಂದಾಗ ಹಾವೇರಿ ಜಿಲ್ಲೆಯ ಕರ್ಜಗಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಹೊಲಗಳಲ್ಲಿ ಇಂಥ ನೋಟ ಕಾಣುತ್ತದೆ. ಅಪ್ಪ ಬದುವಿನ ಮೇಲೆ ನಿಂತಿರುತ್ತಾನೆ. ಒಂಬತ್ತನೇ ತರಗತಿಯ ಮಗಳು ಅವನ ಫೋನು ಇಸಿದುಕೊಂಡು, ಸರ್ವೆ ನಂಬರು ಒತ್ತಿ, ಬೆಳೆಯ ಫೋಟೊ ತೆಗೆದು ಏರಿಸುತ್ತಾಳೆ. ರೈತರೇ ತಮ್ಮ ಬೆಳೆ ದಾಖಲಿಸುವ ಆ್ಯಪನ್ನು ರಾಜ್ಯ ಸರ್ಕಾರ 2020ರಲ್ಲಿ ತಂದಾಗಿನಿಂದ ಎಷ್ಟೋ ಮನೆಗಳಲ್ಲಿ ಇದು ಮಕ್ಕಳ ಕೆಲಸವಾಗಿದೆ. ಇಷ್ಟು ಸಲೀಸಾಗಿ ಆ್ಯಪ್ ಬಳಸುವ ಹುಡುಗಿಗೆ ಅದನ್ನು ಕಟ್ಟುವುದು ಹೇಗೆಂದು ಶಾಲೆ ಹೇಳಿಕೊಡುತ್ತದೆಯೆ? ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಪ್ರಯತ್ನಕ್ಕೆ ನಮ್ಮ ದೇಶದಲ್ಲಿ ನಲವತ್ತು ವರ್ಷ ತುಂಬಿದೆ.

ಮೂಲ ವಿಚಾರ ಇನ್ನೂ ಹಳೆಯದು. 1967ರಲ್ಲಿ ಅಮೆರಿಕದಲ್ಲಿ ಸೀಮರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫರ್ಜಿಗ್ ಸೇರಿ ಮಕ್ಕಳಿಗಾಗಿ ಲೋಗೊ ಭಾಷೆ ರೂಪಿಸಿದರು. ನೂರು ಹೆಜ್ಜೆ ಮುಂದೆ ಹೋಗು, ತೊಂಬತ್ತು ಡಿಗ್ರಿ ಬಲಕ್ಕೆ ತಿರುಗು, ಇದನ್ನು ನಾಲ್ಕು ಸಲ ಮಾಡು ಎಂದರೆ ಪರದೆಯ ಮೇಲಿನ ‘ಆಮೆ’ ಎಂಬ ಗುರುತು ಒಂದು ಚೌಕ ಬಿಡಿಸುತ್ತದೆ. ಯಂತ್ರ ಮಗುವಿಗೆ ಪಾಠ ಹೇಳುವುದಲ್ಲ, ಮಗುವೇ ಯಂತ್ರಕ್ಕೆ ಪಾಠ ಹೇಳಬೇಕು ಎಂಬುದು ಪ್ಯಾಪರ್ಟ್ ಅವರ ನಿಲುವು. ಮುಂದೆ ಬಂದ ಒಳ್ಳೆಯದೆಲ್ಲ ಈ ಮಾತಿನಿಂದಲೇ ಚಿಗುರಿತು.

ನಮ್ಮಲ್ಲಿ 1984–85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಡಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರು ಕೊಟ್ಟಿತು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ದೊಡ್ಡ ಪ್ರಮಾಣದಲ್ಲಿ ಬಂದದ್ದು ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ಮಾಹಿತಿ ಸಿಂಧು ಯೋಜನೆಯೊಡನೆ. 2004ರ ಕೊನೆಗೆ ಕೇಂದ್ರದ ಐಸಿಟಿ ಯೋಜನೆ ಬಂತು. ಯಂತ್ರವನ್ನೂ ಬೋಧಕನನ್ನೂ ಒಂದು ಖಾಸಗಿ ಸಂಸ್ಥೆ ಗುತ್ತಿಗೆಯ ಅವಧಿಗೆ ಒದಗಿಸುವುದು ಆಗಿನ ರೂಢಿ. ಮಕ್ಕಳು ಕಲಿತದ್ದು ಸಿಪಿಯು, ಮೌಸ್, ಮಾನಿಟರು ಎಂಬ ಹೆಸರುಗಳು, ಪೇಂಟಿನಲ್ಲಿ ಮನೆಯ ಚಿತ್ರ, ವರ್ಡಿನಲ್ಲಿ ರಜಾ ಅರ್ಜಿ. ಗುತ್ತಿಗೆ ಮುಗಿದಾಗ ಬೋಧಕ ಹೋದ, ಕೋಣೆಗೆ ಬೀಗ ಬಿತ್ತು. ಆ ಕಾಲದ ಯೋಜನೆಗಳು ಮಕ್ಕಳಿಗೆ ಕಲಿಸಿದ್ದು ಗುಮಾಸ್ತಿಕೆಯನ್ನು, ಪ್ರೋಗ್ರಾಮಿಂಗನ್ನಲ್ಲ.

ಒಂದು ಬೇರೆ ದಾರಿಯೂ ತೆರೆದಿತ್ತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ರಾಜ್ಯದ ಶಿಕ್ಷಕರ ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಸೇರಿ 2011ರಿಂದ ವಿಷಯ ಶಿಕ್ಷಕರ ವೇದಿಕೆ ನಡೆಸಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರೇ ಉಬುಂಟು, ಜಿಯೋಜೀಬ್ರಾ ಎಂಬ ತಂತ್ರಾಂಶಗಳನ್ನು ಕಲಿತರು, ಕನ್ನಡದಲ್ಲಿ ಮುಕ್ತ ಪಾಠಸಾಮಗ್ರಿ ಬರೆದರು. ಹೊರಗಿನ ಬೋಧಕ ಬಿಟ್ಟುಹೋಗಬಹುದು, ಶಾಲೆಯ ಗಣಿತ ಮೇಷ್ಟ್ರು ಅಲ್ಲೇ ಇರುತ್ತಾರೆ. ನನಗೆ ಇಡೀ ಚರಿತ್ರೆಯಲ್ಲಿ ತೂಕದ್ದೆನಿಸುವುದು ಈ ಅಧ್ಯಾಯ.

ಅಷ್ಟರಲ್ಲಿ ಪ್ರೋಗ್ರಾಮ್ ಕಟ್ಟುವ ಉಪಕರಣಗಳೇ ಬದಲಾದವು. 2007ರಲ್ಲಿ ಎಂಐಟಿಯಿಂದ ಸ್ಕ್ರ್ಯಾಚ್ ಬಂತು. 2010ರಲ್ಲಿ ಗೂಗಲ್ ಆ್ಯಪ್ ಇನ್ವೆಂಟರ್ ಹೊರತಂದಿತು, 2012ರಲ್ಲಿ ಅದೂ ಎಂಐಟಿಯ ಮಡಿಲು ಸೇರಿತು. ಅರ್ಧವಿರಾಮ ತಪ್ಪಿತೆಂದು ಪ್ರೋಗ್ರಾಮ್ ಮುರಿದುಬೀಳುವ ಕಾಟ ಇವುಗಳಲ್ಲಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರಾಯಿತು.

ಆ್ಯಪ್ ಇನ್ವೆಂಟರಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಲೆಕ್ಕದ ಆ್ಯಪ್ ಕಟ್ಟುವುದನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ತೂಕಕ್ಕೊಂದು, ದರಕ್ಕೊಂದು ಖಾನೆ, ಕೆಳಗೊಂದು ಗುಂಡಿ. ಗುಂಡಿ ಒತ್ತಿದಾಗ ಎರಡನ್ನೂ ಗುಣಿಸಿ ತೋರಿಸು ಎಂಬ ತುಂಡು ಜೋಡಿಸಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ್ಯಪ್ ಫೋನಿನಲ್ಲೇ ತೆರೆದುಕೊಳ್ಳುತ್ತದೆ. ದಿನಕ್ಕೊಂದು ಬಗೆಯಾಗುವ ದರಕ್ಕೆ ಪ್ರೋಗ್ರಾಮಿಂಗಿನಲ್ಲಿ ವೇರಿಯಬಲ್ ಎಂದು ಹೆಸರು. ಡಬ್ಬಿ ಮೆಣಸಿನಕಾಯಿಯಾದರೆ ಈ ದರ, ಕಡ್ಡಿ ಮೆಣಸಿನಕಾಯಿಯಾದರೆ ಆ ದರ ಎನ್ನುವುದು ಷರತ್ತು. ಪ್ರತಿ ಚೀಲಕ್ಕೂ ಇದನ್ನೇ ಮಾಡು ಎಂದರೆ ಲೂಪ್. ಮಾರುಕಟ್ಟೆಗೆ ಅಪ್ಪನ ಜೊತೆ ಹೋಗಿಬಂದ ಹುಡುಗನಿಗೆ ಇವನ್ನೆಲ್ಲ ಹೊಸದಾಗಿ ಹೇಳಿಕೊಡಬೇಕಾಗಿಲ್ಲ, ಹೆಸರಿಟ್ಟರೆ ಸಾಕು. ತೂಕದ ಖಾನೆ ಖಾಲಿ ಬಿಟ್ಟು ಗುಂಡಿ ಒತ್ತಿದರೆ ಆ್ಯಪ್ ತಪ್ಪು ತೋರಿಸುತ್ತದೆ. ಗುಣಿಸುವ ಮುಂಚೆ ಖಾನೆ ತುಂಬಿದೆಯೇ ನೋಡಬೇಕು ಎಂದು ಅವನಿಗೆ ಹೊಳೆಯುವ ಗಳಿಗೆಯಲ್ಲೇ ನಿಜವಾದ ಕಲಿಕೆ ನಡೆಯುವುದು.

ಆದರೆ ಆ ತಪ್ಪಿನ ಸಂದೇಶ ಬರುವುದು ಇಂಗ್ಲಿಷಿನಲ್ಲಿ. ಲೆಕ್ಕ ಬಲ್ಲ ಮಗು ಭಾಷೆಗೆ ಹೆದರಿ ಕೈಬಿಡುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಅರ್ಧ ಪರಿಹಾರವಿದೆ. 2008ರಲ್ಲಿ ಬಂದ ಅದರ ಮೂರನೇ ಆವೃತ್ತಿಯಿಂದ ವೇರಿಯಬಲ್‌ಗಳಿಗೆ ಕನ್ನಡ ಹೆಸರಿಡಬಹುದು. ‘ಮೊತ್ತ = ತೂಕ * ದರ’ ಎಂದು ಬರೆದರೆ ಅದು ಹಾಗೆಯೇ ಓಡುತ್ತದೆ. ಕೀಬೋರ್ಡಿನಲ್ಲಿ ‘೨೫’ ಎಂದು ಕೊಟ್ಟರೂ ಸಂಖ್ಯೆಯಾಗಿ ಪರಿವರ್ತಿಸಿಕೊಳ್ಳುತ್ತದೆ. ಇಫ್, ಫಾರ್, ಪ್ರಿಂಟ್ ಮುಂತಾದ ಕೆಲವೇ ಪದಗಳು ಇಂಗ್ಲಿಷಿನವು, ಅವನ್ನು ಎರಡು ದಿನದಲ್ಲಿ ಕಲಿಯಬಹುದು. ಕನ್ನಡದಲ್ಲಿ ಹೀಗೆ ಬರೆಯಬಹುದೆಂದು ಮೊದಲ ಪಾಠದಲ್ಲೇ ಮಕ್ಕಳಿಗೆ ತೋರಿಸಬೇಕು.

ಯೋಜನೆಗಳಿಗೇನೂ ಬರವಿಲ್ಲ. ನೀತಿ ಆಯೋಗ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಗೆ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಟ್ಟಿತು. 2020ರ ಜುಲೈ ತಿಂಗಳಲ್ಲಿ ಪ್ಲೆಜ್ಮೊ ಕಂಪನಿಯೊಂದಿಗೆ ಶಾಲಾ ಮಕ್ಕಳಿಗಾಗಿಯೇ ಆ್ಯಪ್ ತಯಾರಿಕೆಯ ಪಾಠಗಳನ್ನು ಹೊರತಂದಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದಲೇ ಕೋಡಿಂಗ್ ಇರಲಿ ಎಂದಿತು. ಆದರೆ ಲ್ಯಾಬ್ ಸಿಕ್ಕ ಶಾಲೆಗಳು ಕೆಲವೇ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಬರೆಯುವ ಸಾಮಾನ್ಯ ಮಗುವಿಗೆ ಕಂಪ್ಯೂಟರ್ ಅಂಕದ ವಿಷಯವಲ್ಲ. ಅಂಕವಿಲ್ಲದ ಪೀರಿಯಡ್ಡು ಜನವರಿಯ ಹೊತ್ತಿಗೆ ಗಣಿತದ ಪುನರಾವರ್ತನೆಗೆ ಹೋಗಿಬಿಡುತ್ತದೆ.

ಗಡಿಯಾಚೆ ಕಾಸರಗೋಡಿನ ಕನ್ನಡ ಮಕ್ಕಳ ಪಾಡು ಬೇರೆ. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುವಾಯಿತು, ಅದೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿ ಹತ್ತನೇ ತರಗತಿಗೆ ಐಟಿ ಪರೀಕ್ಷೆಯ ವಿಷಯ, ಶಾಲೆಯ ಕಂಪ್ಯೂಟರುಗಳು ನಡೆಯುವುದು ಮುಕ್ತ ತಂತ್ರಾಂಶದಲ್ಲಿ. 2018ರಲ್ಲಿ ಹುಟ್ಟಿದ ಲಿಟಲ್ ಕೈಟ್ಸ್ ಕ್ಲಬ್ಬುಗಳ ಹೈಸ್ಕೂಲು ಮಕ್ಕಳು ಆ್ಯನಿಮೇಷನ್, ಸ್ಕ್ರ್ಯಾಚ್, ಆ್ಯಪ್ ತಯಾರಿಕೆ ಕಲಿಯುತ್ತಾರೆ, ಕಲಿಸುವವರು ಅದೇ ಶಾಲೆಯ ತರಬೇತಿ ಪಡೆದ ಶಿಕ್ಷಕರು. ಕನ್ನಡ ಮಾಧ್ಯಮದವರಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕಾಸರಗೋಡಿನ ಮಗು ಕನ್ನಡದಲ್ಲಿ ಓದುವ ಪಾಠವನ್ನು ಕರ್ಜಗಿಯ ಮಗು ಓದಲಾಗದು ಎಂದರೆ ನಾನು ಒಪ್ಪುವುದಿಲ್ಲ.

ಹಾವೇರಿ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಜನರಿದ್ದಾರೆ. ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಶನಿವಾರಕ್ಕೊಮ್ಮೆ ಹಳ್ಳಿಯ ಹೈಸ್ಕೂಲಿಗೆ ಬಂದು ಒಂದು ತಾಸು ಮಕ್ಕಳ ಪಕ್ಕ ಕೂರಬಹುದು. ಗಣಿತ ಶಿಕ್ಷಕರು ಆ ತಾಸು ಜೊತೆಗಿದ್ದರೆ ಮರುವರ್ಷ ಅವರೇ ನಡೆಸಿಕೊಂಡು ಹೋಗುತ್ತಾರೆ. ಅದಕ್ಕೆ ಮೊದಲು ಊರವರು, ಎಸ್‌ಡಿಎಂಸಿ ಸದಸ್ಯರು, ಹಳೆಯ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸವೊಂದಿದೆ. ಈ ವಾರವೇ ನಿಮ್ಮೂರ ಹೈಸ್ಕೂಲಿಗೆ ಹೋಗಿ, ಕಂಪ್ಯೂಟರ್ ಕೋಣೆಯ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ, ಬಾಗಿಲು ತೆಗೆಸಿ.