ಗುಲಾಬಿ ಸೀಟು ಯಾರದ್ದು?

ಭಾಗ 1/6

ಒಂದು ಕೆಲಸ ಮಾಡ್ರಿ. ಫೋನಿನಾಗ ಯಾವುದಾದ್ರೂ ಬಸ್ ಬುಕಿಂಗ್ ಆ್ಯಪ್ ತೆಗೀರಿ. ಹುಮನಾಬಾದ್‌ನಿಂದ ಬೆಂಗಳೂರು, ರಾತ್ರಿ ಸ್ಲೀಪರ್ ಅಂತ ಹಾಕ್ರಿ. ಸೀಟಿನ ನಕ್ಷೆ ತೆರೀತದ. ಖಾಲಿ ಸೀಟಿಗೆ ಬರೀ ಗೆರೆ, ಬುಕ್ ಆದ ಸೀಟಿಗೆ ಬೂದು ಬಣ್ಣ, ನಡುವ ಎರಡೋ ಮೂರೋ ಗುಲಾಬಿ. ಅದರ ಅರ್ಥ ನಿಮಗ ಯಾರೂ ಹೇಳಿಕೊಟ್ಟಿಲ್ಲ, ಆದ್ರ ಗೊತ್ತದ: ಅಲ್ಲಿ ಹೆಣ್ಮಗಳು ಕೂಡ್ತಾಳ.

ಗಂಡಸು ಬುಕ್ ಮಾಡಿದ ಸೀಟು? ಬಹಳ ವರ್ಷದ ರೂಢಿ ಪ್ರಕಾರ ಅದು ‘ಬುಕ್ ಆಗ್ಯದ’, ಅಷ್ಟೇ. ಈಚೀಚೆಗೆ ಕೆಲವು ಕಡೆ ಗಂಡಸಿಗೆ ನೀಲಿ ಬಂದದ, ಬಣ್ಣದ ಜೊತೆ ಸಣ್ಣ ಚಿತ್ರನೂ ಬಂದದ. ಆದರೂ ಮೂಲ ಲೆಕ್ಕ ಏನಿತ್ತು ಅಂದ್ರ, ಅವ ಪ್ರಯಾಣಿಕ, ಆಕೆ ಗುಲಾಬಿ ಪ್ರಯಾಣಿಕಳು.

ನಮ್ಮ ಕ್ಲಾಸಿನವರಿಗೂ ಇದು ಸಂಬಂಧಪಟ್ಟದ್ದೇ. ಪ್ರಾಜೆಕ್ಟಿಗೆ ‘ಲೇಡೀಸ್ ಸೇಫ್ಟಿ ಆ್ಯಪ್’ ಅಂತ ವಿಷಯ ಸಿಕ್ಕ ಕೂಡಲೇ ಹೆಡರಿಗೆ ಯಾವ ಬಣ್ಣ ಹಾಕ್ತೀರಿ, ಖರೇ ಹೇಳ್ರಿ. ಕೋಡಿನಾಗ ‘ಪಿಂಕ್’ ಅಂತ ಟೈಪ್ ಮಾಡಿದ್ರ ಬ್ರೌಸರಿಗೆ ತಿಳಿಯೋದು ಮೂರು ಅಂಕಿ: ಕೆಂಪು 255, ಹಸಿರು 192, ನೀಲಿ 203. ಆ ಅಂಕಿಯೊಳಗ ಹೆಣ್ಣು ಎಲ್ಲಿಂದ ಬಂದು ಕೂತಳು ಅನ್ನೋದೇ ಈ ಸರಣಿ.

ಭಾಗ 2/6

ಮೊದಲು ನ್ಯಾಯವಾಗಿ ಮಾತಾಡೋಣ. ಆ ಗುಲಾಬಿಗೆ ಕಾರಣ ಇದೆ. ಹುಮನಾಬಾದ್ ನಮ್ಮ ಹೈದರಾಬಾದ್-ಸೋಲಾಪುರ ಹೆದ್ದಾರಿ ಮ್ಯಾಲಿನ ಊರು. ಪುಣೆ, ಮುಂಬೈ, ಹೈದರಾಬಾದ್ ಬಸ್ಸು ಹೊತ್ತಲ್ಲದ ಹೊತ್ತಿನಾಗ ಬಂದು ನಿಲ್ತಾವ. ಬಸವಕಲ್ಯಾಣದ ಹುಡುಗಿಯೊಬ್ಬಳು ಕೋಚಿಂಗಿಗೋ ನೌಕರಿ ಸಂದರ್ಶನಕ್ಕೋ ಒಬ್ಬಳೇ ಬೆಂಗಳೂರಿಗೆ ಹೊರಟಳು ಅಂದ್ರ, ರಾತ್ರಿಯಿಡೀ ಪಕ್ಕದ ಬರ್ತಿನಾಗ ಯಾರಿರ್ತಾರ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಎಷ್ಟೋ ಮನೆಯಾಗ ‘ಬಾಜು ಲೇಡೀಸ್ ಅದಾರ’ ಅಂತ ತೋರಿಸಿದ ಮ್ಯಾಲೇ ಅಪ್ಪಾಜಿ ಹೂಂ ಅಂತಾರ. ಆ ಗುಲಾಬಿ ಚೌಕದಿಂದ ಪ್ರಯಾಣ ಸಾಧ್ಯ ಆದ ಹುಡುಗಿಯರು ಇದ್ದಾರೆ. ಅದನ್ನ ನಾನು ತಳ್ಳಿಹಾಕೋದಿಲ್ಲ.

ಆದರೆ ಮೊದಲು ಈ ವ್ಯವಸ್ಥೆ ಹೆಂಗಿತ್ತು ನೋಡ್ರಿ. ಖಾಸಗಿ ಬಸ್ಸಿನ ಏಜೆಂಟರ ಟೇಬಲ್ ಮ್ಯಾಲ ಕಾಗದದ ಚಾರ್ಟು. ಲೇಡೀಸ್ ಪಕ್ಕ ಲೇಡೀಸ್ ಕೂಡಿಸೋದು ಏಜೆಂಟರ ಕೆಲಸ. ಆ ಚಾರ್ಟು ನೋಡೋರು ಏಜೆಂಟರು, ಬಸ್ಸಿನವರು, ಮುಗೀತು. 2006ರಲ್ಲಿ ಬೆಂಗಳೂರಿನಲ್ಲಿ ರೆಡ್‌ಬಸ್ ಶುರುವಾಯಿತು. ನಂತರ ಇಂಥ ಆ್ಯಪುಗಳು ಬಂದು ಚಾರ್ಟು ಪರದೆಗೆ ಏರಿತು. ಅನುಕೂಲ ಬಹಳ ಆಯಿತು. ಜೊತೆಗೆ ಇನ್ನೊಂದು ಆಯಿತು: ಏಜೆಂಟರ ಟೇಬಲ್ ಮೇಲಿದ್ದ ಗುರುತು ಈಗ ಟಿಕೆಟ್ ತಗೊಳ್ಳದವನಿಗೂ ಕಾಣ್ತದ. ಇಂಥ ಬಸ್ಸಿನ ಇಂಥ ಸೀಟಿನಾಗ ಒಬ್ಬಳೇ ಹೆಣ್ಮಗಳು ಅದಾಳ ಅಂತ ಮನೆಯಾಗ ಕೂತು ಯಾರು ಬೇಕಾದ್ರೂ ತಿಳ್ಕೊಬಹುದು. ಕಾಯಲಿಕ್ಕೆ ಹಾಕಿದ ಬಣ್ಣವೇ ಗುರುತು ಹೇಳಿಕೊಡ್ತದ.

ಭಾಗ 3/6

ಸರಿ, ಗುಲಾಬಿಯೇ ಯಾಕ? ‘ಅದು ಹೆಣ್ಮಕ್ಕಳ ಬಣ್ಣ, ಮೊದಲಿನಿಂದ’ ಅಂತೀರಿ. ಮೊದಲಿನಿಂದ ಇಲ್ಲ.

1918ರಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು, ಅರ್ನ್‌ಶಾಸ್ ಅದರ ಹೆಸರು, ಅಂಗಡಿಯವರಿಗೆ ಕೊಟ್ಟ ಸಲಹೆ ನಮ್ಮ ಲೆಕ್ಕಕ್ಕೆ ತದ್ವಿರುದ್ಧ: ಗಂಡುಮಕ್ಕಳಿಗೆ ಗುಲಾಬಿ, ಹೆಣ್ಣುಮಕ್ಕಳಿಗೆ ನೀಲಿ. ಗುಲಾಬಿ ಗಟ್ಟಿ ಬಣ್ಣ, ಕೆಂಪಿನ ವಂಶ. ನೀಲಿ ನಾಜೂಕು ಅನ್ನೋ ತರ್ಕ. 1927ರಲ್ಲಿ ಟೈಮ್ ಪತ್ರಿಕೆ ದೊಡ್ಡ ಅಂಗಡಿಗಳನ್ನ ಕೇಳಿ ಪಟ್ಟಿ ಹಾಕಿತು. ಅಂಗಡಿಗಳಲ್ಲೇ ಒಮ್ಮತ ಇರಲಿಲ್ಲ. ಈ ಇತಿಹಾಸವನ್ನ ಕೂತು ಹುಡುಕಿದವರು ಜೋ ಪಾವೊಲೆಟ್ಟಿ ಅನ್ನೋ ಅಮೆರಿಕದ ವಿದ್ವಾಂಸೆ, 2012ರಲ್ಲಿ ಪುಸ್ತಕ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೆಣ್ಣಿಗೆ ಗುಲಾಬಿ ಅನ್ನೋದು ಗಟ್ಟಿಯಾಯಿತು. 1980ರ ದಶಕದಾಗ ಹುಟ್ಟೋಕೆ ಮೊದಲೇ ಮಗು ಹೆಣ್ಣೋ ಗಂಡೋ ತಿಳಿಯೋ ಹಾಗಾದ ಮೇಲೆ ಇನ್ನೂ ಜೋರಾಯಿತು, ಯಾಕಂದ್ರ ತಂದೆ ತಾಯಿ ಮೊದಲೇ ಬಣ್ಣ ನೋಡಿ ಖರೀದಿ ಮಾಡಬಹುದಿತ್ತು. ಅಂದ್ರ ನಮ್ಮ ಅಜ್ಜಿಯರಿಗಿಂತ ಈ ‘ಸಂಪ್ರದಾಯ’ಕ್ಕೆ ವಯಸ್ಸು ಕಡಿಮೆ.

ಇನ್‌ಸ್ಟಾದಾಗ ಫಾರಿನ್ ರೀಲ್ಸ್ ನೋಡಿರ್ತೀರಿ: ಬಲೂನು ಒಡೀತಾರ, ಗುಲಾಬಿ ಹೊಗೆ ಬಂದ್ರ ಹೆಣ್ಣು, ನೀಲಿ ಬಂದ್ರ ಗಂಡು, ಎಲ್ಲರೂ ಚೀರ್ತಾರ. ಕೆಳಗ ಕಾಮೆಂಟಿನಾಗ ನಮ್ಮವರೇ ‘ಸೋ ಕ್ಯೂಟ್’ ಅಂತ ಬರೀತಾರ. ನಮ್ಮ ದೇಶದಾಗ ಹುಟ್ಟೋ ಮೊದಲು ಅದನ್ನ ಪತ್ತೆ ಮಾಡಿ ಹೇಳೋದು 1994ರ ಕಾಯ್ದೆ ಪ್ರಕಾರ ಅಪರಾಧ. ಯಾವ ಆಸ್ಪತ್ರೆಯ ಸ್ಕ್ಯಾನಿಂಗ್ ರೂಮಿನ ಹೊರಗೂ ಆ ಬೋರ್ಡು ಅದ. ಆ ಕಾಯ್ದೆ ಯಾಕ ಬೇಕಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸಂಭ್ರಮದ ಹೊಗೆ, ಇಲ್ಲಿ ಎಷ್ಟೋ ಹೆಣ್ಣುಕೂಸುಗಳ ಜೀವ.

ಭಾಗ 4/6

ಈಗ ನಮ್ಮ ಕಡೆ ಬರ್ರಿ. ಗುಲಾಬಿ ಅನ್ನೋ ಶಬ್ದ ನಮಗೆ ಬಂದದ್ದು ಪಾರ್ಸಿಯಿಂದ. ಗುಲ್ ಅಂದ್ರ ಹೂ, ಆಬ್ ಅಂದ್ರ ನೀರು. ಬಹಮನಿ, ನಿಜಾಮ ಅಂತ ಶತಮಾನಗಟ್ಟಲೆ ಪಾರ್ಸಿ, ದಖನಿ, ಉರ್ದು ಕೇಳಿದ ನೆಲ ಇದು, ನಮಗದು ಪರಕೀಯ ಅನಿಸೋದೇ ಇಲ್ಲ. ಅಚ್ಚಗನ್ನಡದಾಗ ಇದೇ ಬಣ್ಣಕ್ಕೆ ತಿಳಿಗೆಂಪು, ನಸುಗೆಂಪು ಅಂತೀವಿ. ಅಂದ್ರ ಕೆಂಪಿನದೇ ಒಂದು ಛಾಯೆ, ಅದಕ್ಕ ಹೆಣ್ಣು ಗಂಡು ಇಲ್ಲ.

ಮದುವೆ, ಸನ್ಮಾನ ಇದ್ದಾಗ ನಮ್ಮ ಹಿರಿಯರ ತಲೆ ಮ್ಯಾಲ ನೋಡ್ರಿ: ಗುಲಾಬಿ ಪೇಟ, ಗುಲಾಬಿ ರುಮಾಲು. ಯಾರಾದ್ರೂ ಕಾಕಾರಿಗೆ ‘ಇದು ಲೇಡೀಸ್ ಕಲರ್’ ಅಂತ ಹೇಳೋ ಧೈರ್ಯ ಮಾಡೀರಿ? ಹುಮನಾಬಾದಿನಿಂದ ಅದೇ ಹೆದ್ದಾರಿ ಹಿಡಿದು ಜಹೀರಾಬಾದಿಗೆ ಹೋಗ್ರಿ. ಅಲ್ಲಿ ಗುಲಾಬಿ ಅಂದ್ರ 2001ರಲ್ಲಿ ಹುಟ್ಟಿದ ಒಂದು ರಾಜಕೀಯ ಪಕ್ಷದ ಬಣ್ಣ. ತೆಲಂಗಾಣ ಹೋರಾಟದಾಗ ಸಾವಿರಾರು ಗಂಡಸರು ಹೆಗಲಿಗೆ ಗುಲಾಬಿ ಶಲ್ಯ ಹಾಕ್ಕೊಂಡು ಓಡಾಡಿದ್ರು. ನಮ್ಮದು ಗಡಿ ಜಿಲ್ಲೆ, ಚುನಾವಣೆ ಬಂದ್ರ ಆ ಕಡೆಯ ಗೋಡೆಗಳ ಬಣ್ಣ ನಿಮಗೂ ಗೊತ್ತು.

ಹಾಗಂದ್ರ ನಮ್ಮಲ್ಲಿ ಹೆಣ್ಣಿಗೆ ಬಣ್ಣ ಹಚ್ಚೋ ಚಟ ಇರಲಿಲ್ಲ ಅಂತಲ್ಲ. ಗುಲಾಬಿ ಇರಲಿಲ್ಲ, ಅಷ್ಟೇ. ಮುತ್ತೈದೆಗೆ ಹಸಿರು ಬಳೆ. ಗಂಡ ತೀರಿದ ದಿನ ಆ ಬಳೆ ಒಡೀಬೇಕು. ಎಷ್ಟೋ ಕಡೆ ವಿಧವೆಗೆ ಬಿಳಿ ಸೀರೆ; ಕರ್ನಾಟಕದ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿ ಕೆಂಪು ಸೀರೆ. ಎಂ.ಕೆ. ಇಂದಿರಾ ಅವರ ಫಣಿಯಮ್ಮ ಕಾದಂಬರಿ ಅಂಥ ಬದುಕಿನದ್ದೇ, ಪ್ರೇಮಾ ಕಾರಂತರು ಅದನ್ನ ಸಿನಿಮಾ ಮಾಡಿದ್ರು. ಉತ್ತರ ಭಾರತದ ಮದುಮಗಳ ಕೆಂಪು ಇಲ್ಲಿ ವಿಧವೆಯ ಕೆಂಪು. ಬಣ್ಣ ಬದಲಾಗ್ತಿತ್ತು, ಒಂದು ಮಾತ್ರ ಬದಲಾಗ್ತಿರಲಿಲ್ಲ: ದೂರದಿಂದ ನೋಡಿದ ಕೂಡಲೇ ಈಕೆ ಯಾರ ಪೈಕಿ, ಯಾವ ಸ್ಥಿತಿಯಾಗ ಅದಾಳ ಅಂತ ಊರಿಗೆಲ್ಲ ಗೊತ್ತಾಗಬೇಕು. ಹೆಂಡತಿ ಸತ್ತ ಗಂಡಸಿನ ಧೋತರದ ಬಣ್ಣ ಯಾವತ್ತೂ ಬದಲಾಗಲಿಲ್ಲ.

ಸೀಟಿನ ನಕ್ಷೆ ನೋಡಿದಾಗ ನನಗ ನೆನಪಾಗೋದು ಇದು. ಗುರುತು ಒಂದೇ ಕಡೆಯವರಿಗೆ.

ಭಾಗ 5/6

‘ಡೀಫಾಲ್ಟ್’ ಶಬ್ದ ನಮಗೆಲ್ಲ ಗೊತ್ತು. ನೀವು ಏನೂ ಮುಟ್ಟದಿದ್ರ ತಾನೇ ಇರೋದು. ಆದ್ರ ಡೀಫಾಲ್ಟನ್ನ ಯಾರೋ ಒಬ್ಬರು ಕೂತು ಬರೆದಿರ್ತಾರ. ಅಂಥ ಒಂದು ಭಾರಿ ಡೀಫಾಲ್ಟ್ ಬರೆದದ್ದು ನಮ್ಮ ಊರಾಗೇ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲ, 1076ರಿಂದ 1126, ರಾಜಧಾನಿ ಕಲ್ಯಾಣ. ಅಲ್ಲಿ ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ಹೆಣ್ಣಿನ ಸ್ವಂತ ಆಸ್ತಿಯ ವಿಷಯದಾಗ ಆತ ಆ ಕಾಲಕ್ಕೆ ಉದಾರಿ. ಆದ್ರ ಪಿತ್ರಾರ್ಜಿತ ಆಸ್ತಿಯಾಗ ಹುಟ್ಟಿನಿಂದ ಪಾಲು ಅಂದ್ರ ಗಂಡುಮಕ್ಕಳಿಗೆ. ಬಂಗಾಳದ ಕಡೆ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಮನೆಗಳಿಗೆ ಅದೇ ಕಾನೂನಾಯಿತು. ಕರ್ನಾಟಕದಾಗ ಆ ಸೆಟ್ಟಿಂಗ್ ಬದಲಾದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಸುಮಾರು 900 ವರ್ಷ ಓಡಿದ ಡೀಫಾಲ್ಟ್!

ಅದೇ ಕಲ್ಯಾಣದಾಗ ಮುಂದೆ ಶರಣರು, ಅಕ್ಕಮಹಾದೇವಿ ಬಂದ್ರು. ಅವರಿಗೂ ಮೊದಲು, ಮುದನೂರಿನ ನೇಕಾರ ಜೇಡರ ದಾಸಿಮಯ್ಯ ಒಂದು ವಚನದಾಗ ಮೈಮೇಲಿನ ಗುರುತಿನ ಆಚೆ ಆತ್ಮಕ್ಕೆ ಹೆಣ್ಣು ಗಂಡು ಅನ್ನೋದಿಲ್ಲ ಅಂದಿದ್ದ. ಗುರುತಿನ ಜಗಳ ನಮಗ ಹೊಸದಲ್ಲ.

ಪರದೆ ಮೇಲಿನ ಡೀಫಾಲ್ಟಿಗೆ ಒಂದು ಉದಾಹರಣೆ ಹೇಳಿ ಮುಂದ ಹೋಗ್ತೀನಿ. ಫೇಸ್‌ಬುಕ್ಕಿನ ‘ಫ್ರೆಂಡ್ಸ್’ ಚಿತ್ರದಾಗ ಮೊದಲು ಗಂಡಸು ಮುಂದ, ಹೆಂಗಸು ಅವನ ಹಿಂದ, ಸಣ್ಣಾಕಿ. ಅಲ್ಲೇ ಕೆಲಸ ಮಾಡ್ತಿದ್ದ ಕೇಟ್ಲಿನ್ ವಿನ್ನರ್ ಅನ್ನೋ ಡಿಸೈನರ್ ಅದನ್ನ ತಿದ್ದಿ ಬರೆದ್ರು. 2015ರಲ್ಲಿ ಈ ಬದಲಾವಣೆ ಎಲ್ಲರಿಗೂ ತಿಳೀತು. ಹೆಂಗಸು ಮುಂದ, ಗಂಡಸು ಹಿಂದ. ಕೋಟಿಗಟ್ಟಲೆ ಜನ ದಿನಾ ನೋಡ್ತಿದ್ದ ಚಿತ್ರ ಅದು, ಎಷ್ಟು ಮಂದಿಗೆ ಕಣ್ಣಿಗೆ ಬಿದ್ದಿತ್ತು?

ಇನ್ನು ನೀಲಿ ‘ಗಂಡಸರ ಬಣ್ಣ’ ಅನ್ನೋರಿಗೆ: ಫೇಸ್‌ಬುಕ್ ನೀಲಿ ಇರೋದಕ್ಕೆ ಮಾರ್ಕ್ ಜುಕರ್‌ಬರ್ಗ್ 2010ರಲ್ಲಿ ಕೊಟ್ಟ ಕಾರಣ, ಅವರಿಗೆ ಕೆಂಪು-ಹಸಿರು ಸರಿಯಾಗಿ ಕಾಣೋದಿಲ್ಲ, ನೀಲಿ ಚಲೋ ಕಾಣ್ತದ. ನೀವು ಈಗ ಓದ್ತಿರೋ ಇನ್‌ಸ್ಟಾ ಐಕಾನ್ 2016ರಿಂದ ಗುಲಾಬಿ, ನೇರಳೆ, ಕಿತ್ತಳೆ. ನಮ್ಮ ಜಿಮ್ ಹುಡುಗರು ಯಾರೂ ಡಿಲೀಟ್ ಮಾಡಿದ್ದು ಕಾಣೆ.

ಭಾಗ 6/6

ಜುಕರ್‌ಬರ್ಗ್ ಮಾತು ಬಂತಲ್ಲ, ಅದರಾಗ ಡಿಸೈನ್ ಕಲಿಯೋರಿಗೆ ಒಂದು ಪಾಠ ಅದ. ಬಣ್ಣಗುರುಡು ಹೆಚ್ಚಾಗಿ ಗಂಡಸರಿಗೇ ಬರ್ತದ, ಯಾಕಂದ್ರ ಆ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಾಗ, ಗಂಡಸಿಗೆ ಅದು ಒಂದೇ. ಅಂಥವರಲ್ಲಿ ಕೆಲವರಿಗೆ ಗುಲಾಬಿನೂ ಬೂದಿನೂ ಒಂದೇ ಹಾಂಗ ಕಾಣ್ತಾವ. ಅಂದ್ರ ಬರೀ ಬಣ್ಣದ ನಕ್ಷೆ, ಯಾರಿಗೆ ‘ಈ ಸೀಟು ನಿನಗಲ್ಲ’ ಅಂತ ಹೇಳಬೇಕೋ ಅವರಿಗೇ ಅರ್ಥ ಆಗದೆ ಹೋಗಬಹುದು. ಬಣ್ಣ ಒಂದರ ಮೇಲೇ ಅರ್ಥ ಹೊರಿಸಬೇಡ್ರಿ, ಅಕ್ಷರನೋ ಚಿತ್ರನೋ ಜೊತೆಗೆ ಇರಲಿ ಅಂತ ವೆಬ್‌ಸೈಟುಗಳ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರಿಂದ ಹೇಳ್ತಾ ಬಂದದ.

ಸರ್ಕಾರಿ ಬಸ್ಸು ನೋಡ್ರಿ. ದಿಲ್ಲಿಯಲ್ಲಿ 2019ರ ಅಕ್ಟೋಬರ್ 29ರಂದು ಹೆಂಗಸರಿಗೆ ಬಸ್ಸು ಉಚಿತ ಆಯಿತು, ಕೈಗೆ ಕೊಟ್ಟದ್ದು ‘ಪಿಂಕ್ ಟಿಕೆಟ್’. ನಮ್ಮಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಾಗ ಅವ್ವ, ಆಯಿ, ಅತ್ತಿ ಕೇಳೋದು ‘ಜೀರೋ ಟಿಕೆಟ್’. ಅಲ್ಲಿ ಬಣ್ಣದ ಹೆಸರು, ಇಲ್ಲಿ ದುಡ್ಡಿನ ಲೆಕ್ಕದ ಹೆಸರು. ನನಗ ನಮ್ಮದೇ ಛಂದ ಅನಿಸ್ತದ. ಅದೇ ಆದೇಶದಾಗ ಅರ್ಧ ಸೀಟು ಗಂಡಸರಿಗೆ ಮೀಸಲು ಅಂತನೂ ಇತ್ತು, ಅದನ್ನ ಯಾರೂ ‘ಬ್ಲೂ ಸೀಟು’ ಅಂತ ಕರೀಲಿಲ್ಲ. ಆದ್ರ ನಮ್ಮ ರಾಜ್ಯ ಗುಲಾಬಿ ಬಿಟ್ಟದ ಅಂತ ತಿಳೀಬ್ಯಾಡ್ರಿ: 2018ರ ವಿಧಾನಸಭಾ ಚುನಾವಣೆಯಾಗ ಮಹಿಳಾ ಸಿಬ್ಬಂದಿಯೇ ನಡೆಸಿದ ಮತಗಟ್ಟೆಗಳನ್ನ ಗುಲಾಬಿ ಬಟ್ಟೆ, ಗುಲಾಬಿ ಬಲೂನು ಕಟ್ಟಿ ಸಿಂಗರಿಸಿದ್ರು, ಜನ ‘ಪಿಂಕ್ ಬೂತ್’ ಅಂದ್ರು. ಮತಗಟ್ಟೆಯ ಅಧಿಕಾರಿಗೆ ಬಲೂನು ಯಾಕ ಬೇಕು, ನನಗ ತಿಳೀವಲ್ದು.

2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳನ್ನ ಗುರುತಿಸಿತು. ಎರಡೇ ಬಣ್ಣದ ನಕ್ಷೆಯಾಗ ಅವರು ಎಲ್ಲಿ ಕೂಡಬೇಕು? ಮೂರನೇ ಬಣ್ಣ ಹಚ್ಚಿದ್ರ ಇಡೀ ಬಸ್ಸಿಗೆ ಡಂಗುರ ಸಾರಿದಂಗ. ಹಚ್ಚದಿದ್ರ ಪಕ್ಕದವರ ಜಗಳ. ಇದಕ್ಕ ಬಣ್ಣದಾಗ ಉತ್ತರ ಇಲ್ಲ.

ಉತ್ತರದ ಒಂದು ತುದಿ ಸಿಕ್ಕಿದ್ದು ವಿಮಾನದಾಗ. 2024ರ ಮೇ ತಿಂಗಳಲ್ಲಿ ಇಂಡಿಗೋ ಒಂದು ವ್ಯವಸ್ಥೆ ಪ್ರಕಟಿಸಿತು: ಯಾವ ಸೀಟನ್ನ ಹೆಂಗಸರು ಕಾಯ್ದಿರಿಸ್ಯಾರ ಅನ್ನೋದು ವೆಬ್ ಚೆಕ್-ಇನ್ ಮಾಡೋ ಮಹಿಳೆಯರಿಗೆ ಮಾತ್ರ ಕಾಣ್ತದ. ಬಣ್ಣ ಅಲ್ಲೂ ಗುಲಾಬಿಯೇ, ನಗು ಬರ್ತದ. ಆದ್ರ ಯಾರು ನೋಡಬೇಕು ಅನ್ನೋದನ್ನ ಮೊದಲು ವಿಚಾರ ಮಾಡ್ಯಾರ. ಹಳೇ ಏಜೆಂಟರ ಚಾರ್ಟಿಗೆ ಇದ್ದ ಮರ್ಯಾದೆ ತಿರುಗಿ ಬಂದಂಗ ಆಯಿತು. ಹುಮನಾಬಾದಿನ ರಾತ್ರಿ ಬಸ್ಸಿಗೂ ಇಷ್ಟು ಸಾಕು. ಆ ಫಿಲ್ಟರ್ ಬರೆಯೋದು ನಮ್ಮ ಐದನೇ ಸೆಮಿಸ್ಟರಿನವರಿಗೆ ಒಂದು ವಾರದ ಕೆಲಸ.

ಈಗ ಕಾಮೆಂಟಿನಾಗ ಹಾಕ್ರಿ: ನಿಮ್ಮ ಮನೆಯಾಗ ಮುತ್ಯಾನ ರುಮಾಲು ಯಾವ ಬಣ್ಣದ್ದು? ಫೋಟೋ ಇದ್ದವರು ಸ್ಟೋರಿ ಹಾಕಿ ಟ್ಯಾಗ್ ಮಾಡ್ರಿ. ಗುಲಾಬಿ ಎಷ್ಟು ಬರ್ತಾವ ಎಣಿಸಿ ಹೇಳ್ತೀನಿ.

#ಬಸವಕಲ್ಯಾಣ #ಹುಮನಾಬಾದ್ #ಗುಲಾಬಿಸೀಟು #ಬಣ್ಣದಇತಿಹಾಸ