ಹವ್ಯಾಸಿ ವಿಮಾನ ನಿರ್ಮಾಪಕರ ವೃತ್ತಿಗಳು: ಸಾಂಗ್ಲಿ–ಮಿರಜ ಸೀಮೆ ಮತ್ತು ಕರ್ನಾಟಕ

ಹೊಟ್ಟೆಪಾಡಿಗೆ ಬೇರೊಂದು ಉದ್ಯೋಗ ಮಾಡುತ್ತ, ಸ್ವಂತ ಖರ್ಚಿನಲ್ಲಿ ಹಾರುವ ಯಂತ್ರ ಕಟ್ಟುವವರನ್ನು ಹವ್ಯಾಸಿ ವಿಮಾನ ನಿರ್ಮಾಪಕರು ಎನ್ನುತ್ತಾರೆ. ವಿಮಾನಯಾನದ ಮೊದಮೊದಲ ವರ್ಷಗಳಲ್ಲಿ ಎಷ್ಟೋ ನಿರ್ಮಾಪಕರು ಈ ವರ್ಗದವರೇ. ಸೈಕಲ್ ರಿಪೇರಿಯವರು, ಮೋಟಾರು ದೀಪದ ವ್ಯಾಪಾರಿಗಳು, ಹಡಗಿನ ಎಂಜಿನಿಯರುಗಳು, ಚಿತ್ರಕಲಾ ಶಿಕ್ಷಕರು, ಹೋಟೆಲು ಮಾಲೀಕರು ವಿಮಾನ ಕಟ್ಟಲು ಕೈಹಾಕಿದ್ದರು. ಕೃಷ್ಣಾ ನದಿಯ ಮೇಲ್ದಂಡೆಯ ಸಾಂಗ್ಲಿ–ಮಿರಜ ಸೀಮೆ, ನೆರೆಯ ಕೊಲ್ಹಾಪುರ, ಸಾತಾರಾ, ಬೆಳಗಾವಿ ಜಿಲ್ಲೆಗಳು ಮತ್ತು ಬೆಂಗಳೂರು ಈ ಚರಿತ್ರೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಇಲ್ಲಿನ ಉದಾಹರಣೆಗಳೆಲ್ಲ ಒಂದು ಸಂಗತಿಯನ್ನು ತೋರಿಸುತ್ತವೆ: ನಿರ್ಮಾಪಕನ ನಿತ್ಯದ ಉದ್ಯೋಗವೇ ಅವನಿಗೆ ಕೈಚಳಕ, ಹಣ, ಸಲಕರಣೆಗಳನ್ನು ಒದಗಿಸಿತು, ಆ ಉದ್ಯೋಗ ಕೊಡಲಾಗದ ಜ್ಞಾನ ಎಲ್ಲಿ ಬೇಕಾಯಿತೋ ಅಲ್ಲಿ ಪ್ರಯತ್ನ ನಿಂತಿತು.

ಸೈಕಲ್ ಅಂಗಡಿಯ ಕಾಲ

1903ರ ಡಿಸೆಂಬರ್ 17ರಂದು ಎಂಜಿನ್ ಇರುವ ವಿಮಾನವನ್ನು ನಿಯಂತ್ರಿಸಿ ಹಾರಿಸಿದ ಅಮೆರಿಕದ ರೈಟ್ ಸಹೋದರರು 1892ರಿಂದ ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದರು. ಅವರ ವಿಮಾನದಲ್ಲಿ ಎಂಜಿನ್ನಿನಿಂದ ಪ್ರೊಪೆಲರಿಗೆ ಶಕ್ತಿ ಸಾಗಿಸಿದ್ದು ಚೈನು ಮತ್ತು ಹಲ್ಲುಚಕ್ರ. ಎಂಜಿನ್ನನ್ನು ಅದೇ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ತಯಾರಿಸಿದ. 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಲೂಯಿ ಬ್ಲೇರಿಯೊ ಮೋಟಾರು ಕಾರುಗಳ ದೀಪ ಮಾಡಿ ಮಾರುತ್ತಿದ್ದವನು. ವಿಮಾನಕ್ಕೆ ಸುರಿದ ಹಣ ಆ ವ್ಯಾಪಾರದ್ದು. ಬ್ರಿಟನ್ನಿನ ಎ.ವಿ. ರೋ ಹಡಗಿನ ಎಂಜಿನಿಯರ್ ಆಗಿ ದುಡಿದು ಬಂದು, ಲಂಡನ್ನಿನ ರೈಲು ಸೇತುವೆಯ ಕಮಾನಿನಡಿ ತನ್ನ ವಿಮಾನ ಜೋಡಿಸಿದ.

ಸಾಂಗ್ಲಿ ಜಿಲ್ಲೆಯ ಕೈಗಾರಿಕಾ ಚರಿತ್ರೆಯೂ ಸೈಕಲ್ ಅಂಗಡಿಯಿಂದಲೇ ಶುರುವಾಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಬಣ್ಣಗಳನ್ನು ಪೂರ್ತಿ ಗುರುತಿಸಲಾಗದ ದೃಷ್ಟಿದೋಷದಿಂದ ಚಿತ್ರಕಲೆ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದರು. ಅಣ್ಣ ರಾಮಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ನಡೆಸಿದರು. ಕಿರ್ಲೋಸ್ಕರ್ ಸಂಸ್ಥೆ ತನ್ನ ಚರಿತ್ರೆಯನ್ನು ಈ ಅಂಗಡಿ ಆರಂಭವಾದ 1888ರಿಂದಲೇ ಎಣಿಸುತ್ತದೆ. ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರಗಳತ್ತ ಹೊರಳಿದ ಅವರು 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಾರ್ಖಾನೆ ಕಟ್ಟಿದರು. ಅದೇ ಈಗಿನ ಸಾಂಗ್ಲಿ ಜಿಲ್ಲೆಯ ಪಲೂಸ್ ತಾಲ್ಲೂಕಿನ ಕಿರ್ಲೋಸ್ಕರ್‌ವಾಡಿ. ಲಕ್ಷ್ಮಣರಾಯರು ವಿಮಾನ ಕಟ್ಟಲಿಲ್ಲ. ಆದರೆ ಎರಕ ಹೊಯ್ಯುವುದು, ಲೇಥಿನಲ್ಲಿ ಕಡೆಯುವುದು, ನಕ್ಷೆ ನೋಡಿ ಭಾಗ ತಯಾರಿಸುವುದು ಈ ಸೀಮೆಯ ಹಳ್ಳಿ ಹುಡುಗರ ಜೀವನೋಪಾಯವಾದದ್ದು ಇಂಥ ಕಾರ್ಖಾನೆಗಳಿಂದ. ಮುಂದೆ ಯಂತ್ರದ ಹುಚ್ಚಿರುವವರೆಲ್ಲ ಬೆಳೆದದ್ದು ಈ ನೆಲದ ಮೇಲೆ.

ಭಾರತದ ಮೊದಲ ಯತ್ನಗಳು

ಅದೇ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಬೋಧಕರಾಗಿದ್ದ ಶಿವಕರ ಬಾಪೂಜಿ ತಲಪಡೆ (1864–1916) ವೇದ, ಪುರಾಣಗಳಲ್ಲಿ ಹಾರಾಟದ ವಿಜ್ಞಾನ ಹುಡುಕಿದವರು. 1895ರಲ್ಲಿ ಮುಂಬಯಿಯ ಚೌಪಾಟಿಯಲ್ಲಿ ಅವರು ವಿಮಾನ ಹಾರಿಸಿದರೆಂಬ ಮಾತು ಮಹಾರಾಷ್ಟ್ರದಲ್ಲಿ ಪ್ರಚಲಿತವಾಗಿದ್ದರೂ ಅದನ್ನು ಸ್ಥಾಪಿಸುವ ಸಮಕಾಲೀನ ದಾಖಲೆ ಇಲ್ಲ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಜೊತೆ ತಲಪಡೆಯವರಿಗೆ ಸಂಪರ್ಕವಿತ್ತು. ಶಾಸ್ತ್ರಿಗಳು 1918ರಿಂದ 1923ರ ನಡುವೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ಕ್ಕೆ ನಕ್ಷೆಗಳನ್ನು ಬರೆದುಕೊಟ್ಟ ಎಲ್ಲಪ್ಪ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ನಕ್ಷೆಗಾರ. ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಭಾರತೀಯ ವಿಜ್ಞಾನ ಸಂಸ್ಥೆಯಿಂದ 1974ರಲ್ಲಿ ಪ್ರಕಟಿಸಿದ ಅಧ್ಯಯನ, ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವು ಎಂದೂ ಗ್ರಂಥ ಇಪ್ಪತ್ತನೆಯ ಶತಮಾನದ್ದೇ ಎಂದೂ ನಿರ್ಣಯಿಸಿತು. ಬೋಧಕ, ಪಂಡಿತ, ನಕ್ಷೆಗಾರ ಮೂವರ ನಿಷ್ಠೆಯೂ ದೊಡ್ಡದು. ಗಾಳಿಯ ಒತ್ತಡ, ರೆಕ್ಕೆಯ ಎತ್ತುಬಲಗಳನ್ನು ಅಳೆಯುವ ವಿದ್ಯೆ ಮಾತ್ರ ಮೂರೂ ವೃತ್ತಿಗಳ ಹೊರಗಿತ್ತು.

ಹಣ ಮತ್ತು ಕಾರ್ಖಾನೆ ಎರಡೂ ಕೂಡಿದ ಯತ್ನ ಮದರಾಸಿನದು. ಅಲ್ಲಿ ಹೋಟೆಲು ನಡೆಸುತ್ತಿದ್ದ ಜಿಯಾಕೊಮೊ ಡಿ’ಆಂಜೆಲಿಸ್ ಬ್ಲೇರಿಯೊನ ಸಾಹಸದಿಂದ ಪ್ರೇರಿತನಾಗಿ, ಗಾಡಿ ಕಟ್ಟುವ ಸಿಂಪ್ಸನ್ ಕಂಪನಿಯಿಂದ ತನ್ನ ವಿನ್ಯಾಸದ ವಿಮಾನ ಮಾಡಿಸಿ 1910ರಲ್ಲಿ ಹಾರಿಸಿ ಸಾರ್ವಜನಿಕರಿಗೆ ತೋರಿಸಿದ. ಹೋಟೆಲಿನ ಸಂಪಾದನೆ, ಸಾರೋಟು ಬಡಗಿಗಳ ಕೈಗೆಲಸ ಸೇರಿ ಈ ವಿಮಾನ ಆಯಿತು.

ಕನ್ನಡನಾಡಿನ ಮೊದಲ ವಿಮಾನ ಎಂಜಿನಿಯರ್ ಎನಿಸಿಕೊಳ್ಳುವ ಮೈಸೂರಿನ ಎಸ್.ವಿ. ಶೆಟ್ಟಿ (1879–1918) ಸಂಸ್ಥಾನದ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಇಂಗ್ಲೆಂಡಿಗೆ ಹೋದವರು ವಿಮಾನಗಳಿಗೆ ಮನಸೋತು ಎ.ವಿ. ರೋ ಕಾರ್ಖಾನೆ ಸೇರಿದರು. 1911–12ರಲ್ಲಿ ಜಾನ್ ಡೂಯ್ಗನ್ ಎಂಬ ಆಸ್ಟ್ರೇಲಿಯನ್ನನಿಗಾಗಿ ಅಲ್ಲಿ ತಯಾರಾದ ವಿಮಾನದ ಕೆಲಸದಲ್ಲಿ ಅವರ ಪಾಲಿತ್ತು. ಈ ಡೂಯ್ಗನ್ ಕೂಡ ಹವ್ಯಾಸಿಯೇ: ತನ್ನ ಮನೆತನದ ಕುರಿ ಸಾಕಣೆಯ ಜಮೀನಿನಲ್ಲಿ ತಾನೇ ಕಟ್ಟಿದ ವಿಮಾನವನ್ನು 1910ರಲ್ಲಿ ಹಾರಿಸಿದ್ದ. ಸ್ವದೇಶಕ್ಕೆ ಮರಳಿದ ಶೆಟ್ಟರಿಗೆ ವಿಮಾನದ ಉದ್ಯೋಗ ಕೊಡುವ ಸಂಸ್ಥೆ ಆಗ ಇಡೀ ಭಾರತದಲ್ಲಿ ಇರಲಿಲ್ಲ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಬೋಧಿಸುತ್ತಿದ್ದ ಅವರನ್ನು 1918ರ ಇನ್‌ಫ್ಲುಯೆಂಜಾ ಬಲಿ ತೆಗೆದುಕೊಂಡಿತು. ಅವರ ಹೆಸರು ಇಂದು ಕನ್ನಡಿಗರಲ್ಲೇ ಹೆಚ್ಚು ಮಂದಿಗೆ ತಿಳಿಯದಿರುವುದು ವಿಷಾದದ ಸಂಗತಿ.

ಹವ್ಯಾಸವೇ ಉದ್ಯೋಗವಾದದ್ದು

1920ರ ದಶಕದ ಕೊನೆಯಲ್ಲಿ ದೆಹಲಿ, ಮುಂಬಯಿಗಳಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ತೆರೆದವು. ವ್ಯಾಪಾರಸ್ಥರು, ವಕೀಲರು, ರಾಜಮನೆತನದವರು ಸಂಜೆ, ರಜೆಗಳಲ್ಲಿ ಹಾರಾಟ ಕಲಿಯತೊಡಗಿದರು. 1929ರ ಫೆಬ್ರವರಿ 10ರಂದು ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಪಡೆದ ಜೆ.ಆರ್.ಡಿ. ಟಾಟಾ ಆಗ ಕುಟುಂಬದ ವ್ಯವಹಾರದಲ್ಲಿದ್ದ ಯುವಕ. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಒಬ್ಬ ಉತ್ಸಾಹಿಯ ಹವ್ಯಾಸ ದೇಶದ ವಿಮಾನ ಸೇವೆಯಾಗಿ ಬೆಳೆದದ್ದು ಹೀಗೆ.

ಸೊಲ್ಲಾಪುರದಲ್ಲಿ ಹುಟ್ಟಿ ರೈಲ್ವೆ ಕಂತ್ರಾಟುಗಳಿಂದ ಮೇಲೆ ಬಂದ ವಾಲಚಂದ ಹೀರಾಚಂದ್ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. 1947ರಲ್ಲಿ ಸಾಂಗ್ಲಿಯ ವಿಶ್ರಾಮಬಾಗದಲ್ಲಿ ತೆರೆದ ಎಂಜಿನಿಯರಿಂಗ್ ಕಾಲೇಜು ಮುಂದೆ ಅವರ ಹೆಸರನ್ನೇ ಇಟ್ಟುಕೊಂಡಿತು. ಗಡಿಯಾಚೆಯ ಈ ಸೀಮೆಗೂ ಬೆಂಗಳೂರಿನ ವಿಮಾನೋದ್ಯಮಕ್ಕೂ ಅದು ಒಂದು ಕೊಂಡಿ.

ಇನ್ನೂ ಗಟ್ಟಿಯಾದ ಕೊಂಡಿ ವಿಷ್ಣು ಮಾಧವ ಘಾಟಗೆ (1908–1991). ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ಹಸೂರಚಂಪು ಅವರ ಊರು; ಕನ್ನಡ, ಮರಾಠಿ ಎರಡೂ ಕೇಳಿಬರುವ ಗಡಿಸೀಮೆ. ಜರ್ಮನಿಯ ಗ್ಯೋಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿ 1936ರಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿನ ಹೊಸ ಕಾರ್ಖಾನೆ ಸೇರಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಆರಂಭವಾದ ವಿಮಾನ ಎಂಜಿನಿಯರಿಂಗ್ ವಿಭಾಗದಲ್ಲಿ ಪಾಠ ಹೇಳಿದರು. ಅವರ ನೇತೃತ್ವದಲ್ಲಿ ರೂಪುಗೊಂಡ ತರಬೇತಿ ವಿಮಾನ ಎಚ್‌ಟಿ-2 ಹಾರಿದ್ದು 1951ರ ಆಗಸ್ಟಿನಲ್ಲಿ. ಶೆಟ್ಟರಿಗೆ ಸಿಗದ ಉದ್ಯೋಗ ಘಾಟಗೆಯವರಿಗೆ ಸಿಕ್ಕಿತು; ಒಂದೇ ತಲೆಮಾರಿನ ಅಂತರದಲ್ಲಿ ಆದ ಈ ಬದಲಾವಣೆಯೇ ಕರ್ನಾಟಕದ ವಿಮಾನ ಚರಿತ್ರೆಯ ದೊಡ್ಡ ತಿರುವು. ಅಂದಿನಿಂದ ವಿಮಾನದ ಆಸೆಯುಳ್ಳ ಫಿಟ್ಟರ್, ಟರ್ನರ್, ಎಂಜಿನಿಯರುಗಳು ಬೆಂಗಳೂರಿನ ಕಾರ್ಖಾನೆ, ಪ್ರಯೋಗಾಲಯಗಳ ನೌಕರಿ ಹಿಡಿಯತೊಡಗಿದರು. ಪಶ್ಚಿಮದಲ್ಲಿ ಮನೆಯ ಶೆಡ್ಡುಗಳಿಗೆ ಹೋದ ಪ್ರತಿಭೆ ಇಲ್ಲಿ ಸರ್ಕಾರಿ ಹ್ಯಾಂಗರುಗಳಿಗೆ ಹೋಯಿತು. ಫ್ಲೈಯಿಂಗ್ ಕ್ಲಬ್ಬುಗಳ ಹವ್ಯಾಸಿಗಳಿಗೆ ಬೇಕಾದ ಪುಷ್ಪಕ ಎಂಬ ಹಗುರ ವಿಮಾನ ಕೂಡ 1958ರಲ್ಲಿ ಅದೇ ಕಾರ್ಖಾನೆಯಿಂದ ಬಂತು. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆಯೂ ನೆಲೆಗೊಂಡಿತು.

ಕಿಟ್ ವಿಮಾನಗಳು

ವಿದೇಶಗಳಲ್ಲಿ ಹವ್ಯಾಸಿಗಳು ಸಂಘಟಿತರಾದರು. ಫ್ರಾನ್ಸಿನ ರೇಡಿಯೊ ತಂತ್ರಜ್ಞ ಆನ್ರಿ ಮಿನ್ಯೆ 1933ರಲ್ಲಿ ರೂಪಿಸಿದ ಪುಟ್ಟ ವಿಮಾನವನ್ನು ಯುರೋಪಿನ ಎಷ್ಟೋ ಜನ ಮನೆಯಲ್ಲೇ ಕಟ್ಟಿದರು. ವಿನ್ಯಾಸದ ದೋಷದಿಂದ ಪ್ರಾಣಹಾನಿಗಳಾಗಿ ಅದರ ಹಾರಾಟಕ್ಕೆ ನಿಷೇಧ ಬಿತ್ತು. ಮುಂದೆ ಸುರಕ್ಷೆ, ತಪಾಸಣೆಗಳನ್ನು ಸಂಘಗಳೇ ಹೊತ್ತುಕೊಳ್ಳಲು ಈ ಅನುಭವ ಪಾಠವಾಯಿತು. ಅಮೆರಿಕದಲ್ಲಿ ಸೈನ್ಯದ ಪೈಲಟ್ ಪಾಲ್ ಪೊಬರೆಜ್ನಿ 1953ರಲ್ಲಿ ಪ್ರಾಯೋಗಿಕ ವಿಮಾನ ಸಂಘ ಸ್ಥಾಪಿಸಿದರು. ಅಲ್ಲಿನ ನಿಯಮದಂತೆ ಕೆಲಸದ ಹೆಚ್ಚಿನ ಭಾಗವನ್ನು ಹವ್ಯಾಸಿಯೇ ಕಲಿಕೆಗಾಗಿ, ಆನಂದಕ್ಕಾಗಿ ಮಾಡಿರಬೇಕು. ಹೀಗಾಗಿ ಶಿಕ್ಷಕರು, ವೈದ್ಯರು, ರೈತರು, ಬಡಗಿಗಳು ಕಿಟ್ ತರಿಸಿಕೊಂಡು ವರ್ಷಗಟ್ಟಲೆ ಗ್ಯಾರೇಜಿನಲ್ಲಿ ದುಡಿದು ವಿಮಾನ ಹಾರಿಸುವ ಸಂಪ್ರದಾಯ ಬೆಳೆಯಿತು.

ಈ ಸಂಪ್ರದಾಯ ಬೆಂಗಳೂರನ್ನು ಎರಡು ದಾರಿಯಿಂದ ತಲುಪಿತು. ಮೊದಲನೆಯದು, ಹ್ಯಾಂಗ್‌ಗ್ಲೈಡಿಂಗ್ ಉತ್ಸಾಹಿ ಫ್ರೆಂಚ್ ಮೂಲದ ಜೋಯೆಲ್ ಕೆಕ್ಲಾನ್ 1980ರಲ್ಲಿ ಸ್ಥಾಪಿಸಿದ ರಾಜಹಂಸ ಅಲ್ಟ್ರಾಲೈಟ್ಸ್. ಇಲ್ಲಿ ತಯಾರಾದ ಎಕ್ಸ್-ಏರ್ ಕಿಟ್‌ಗಳು ಯುರೋಪಿನ ಹವ್ಯಾಸಿಗಳ ಮನೆಗಳಿಗೂ ಹೋದವು. ಎರಡನೆಯದು, ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ. ಅಮೆರಿಕದ ವಾಯುಪಡೆಯ ಪರೀಕ್ಷಾ ಎಂಜಿನಿಯರ್ ಆಗಿ ದುಡಿದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ ಲಾಂಗ್-ಈಜಿ ವಿನ್ಯಾಸವನ್ನು ಆಧರಿಸಿ ಪ್ರಯೋಗಾಲಯದ ವಿಜ್ಞಾನಿಗಳು ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿದರು. ಗಾಜಿನ ನಾರು ಮತ್ತು ರಾಳ ಬಳಸಿ ವಿಮಾನದ ಒಡಲು ಮಾಡುವ ಆ ಅನುಭವ 1993ರಲ್ಲಿ ಹಾರಿದ ಎರಡು ಸೀಟಿನ ಹಂಸ ವಿಮಾನದ ಹಿಂದಿದೆ. ಹವ್ಯಾಸಿಯ ವಿನ್ಯಾಸದಿಂದ ರಾಷ್ಟ್ರೀಯ ಸಂಸ್ಥೆಯೊಂದು ಪಾಠ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಬ್ಬರು ಕಟ್ಟುವವರು, ಒಂದು ಕಾನೂನು

ಸಾಂಗ್ಲಿಯ ನೆರೆಯ ಸಾತಾರಾ ಜಿಲ್ಲೆಯ ಮೂಲದ ಅಮೋಲ್ ಯಾದವ್ ಜೆಟ್ ಏರ್‌ವೇಸ್‌ನ ಪೈಲಟ್ ಆಗಿದ್ದವರು. ಮುಂಬಯಿಯ ಕಾಂದಿವಲಿಯ ಚಾರಕೋಪಿನ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ತೋರಿಸಿದರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಿಸುವ ಅನುಮತಿ 2019ರಲ್ಲಿ, ಧುಳೆಯಲ್ಲಿ ಹಾರಾಟ 2020ರಲ್ಲಿ. ವಿಮಾನ ಹಾರಿಸುವುದೇ ಅವರ ವೃತ್ತಿಯಾದ್ದರಿಂದ ಸಂಬಳ, ಪರಿಣತಿ, ನಿಯಮಗಳ ತಿಳಿವಳಿಕೆ ಮೂರೂ ಜೊತೆಗಿದ್ದವು. ಆದರೂ ಕಾಗದಪತ್ರಗಳಿಗೆ ವರ್ಷಗಳು ಹಿಡಿದವು.

ವಿದರ್ಭದ ಯವತ್ಮಾಳ ಜಿಲ್ಲೆಯ ಫೂಲ್‌ಸಾವಂಗಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ ಯುವಕನೊಬ್ಬ ಸ್ವಂತ ಹೆಲಿಕಾಪ್ಟರ್ ಕಟ್ಟಿ, 2021ರ ಆಗಸ್ಟಿನಲ್ಲಿ ನೆಲದ ಮೇಲೆ ಪರೀಕ್ಷಿಸುವಾಗ ಅಲಗು ಮುರಿದು ತಗುಲಿ ತೀರಿಕೊಂಡ. ಲೋಹ ಬೆಸೆಯುವ ಕೈಚಳಕವನ್ನು ಅವನ ಉದ್ಯೋಗ ಕೊಟ್ಟಿತ್ತು. ತಿರುಗುವ ಭಾಗಗಳ ಅದುರುವಿಕೆ, ಸಮತೋಲನಗಳನ್ನು ಪರೀಕ್ಷಿಸಿ ಎಚ್ಚರಿಸಬಲ್ಲ ಒಬ್ಬ ಎಂಜಿನಿಯರ್ ಅವನ ಪಕ್ಕದಲ್ಲಿ ಇರಬೇಕಿತ್ತು.

ಭಾರತದಲ್ಲಿ ವಿಮಾನಗಳ ನಿರ್ಮಾಣ, ಹಾರಾಟಗಳನ್ನು 1934ರ ವಿಮಾನ ಕಾಯ್ದೆಯೂ 1937ರ ನಿಯಮಗಳೂ ದಶಕಗಳ ಕಾಲ ಆಳಿದವು. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ 2024 ಹಳೆಯ ಕಾಯ್ದೆಯ ಸ್ಥಾನದಲ್ಲಿದೆ. ಅನುಮತಿ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಚಾಲಕರಹಿತ ಡ್ರೋನುಗಳಿಗೆ 2021ರಲ್ಲಿ ಸರಳವಾದ ಪ್ರತ್ಯೇಕ ನಿಯಮಗಳು ಬಂದವು. ಇದರಿಂದ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಹಾರಾಟದ ಹಂಬಲ ಇಂದು ಬಹುಮಟ್ಟಿಗೆ ಡ್ರೋನುಗಳತ್ತ ತಿರುಗಿದೆ.

ಇಂದಿನ ಸೀಮೆ

ಸಾಂಗ್ಲಿ–ಮಿರಜದಲ್ಲಿ ಕುಪವಾಡ ಮತ್ತು ಮಿರಜದ ಕೈಗಾರಿಕಾ ವಸಾಹತುಗಳು, ಫೌಂಡ್ರಿಗಳು, ಲೇಥ್ ಅಂಗಡಿಗಳು, ತಾಂತ್ರಿಕ ಕಾಲೇಜುಗಳು ಇವೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಮಿರಜದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರು, ತಂಬೂರಿ ಮಾಡಲು ಕಲಿತು ದೇಶಕ್ಕೇ ಹೆಸರಾದವು. ಕೈಗಳಿಗೆ ಹೊಸ ಕಸುಬು ಕಲಿಸುವುದು ಈ ಊರಿಗೆ ಹೊಸದಲ್ಲ. ಮಿರಜ ತಾಲ್ಲೂಕಿನ ಕವಲಾಪುರದಲ್ಲಿ ಹಳೆಯ ಏರ್‌ಸ್ಟ್ರಿಪ್ಪಿನ ಜಾಗವಿದೆ. ಪ್ರಯಾಣಿಕ ವಿಮಾನಕ್ಕೆ ಜನ ಕೊಲ್ಹಾಪುರದ ಉಜಳಾಯಿವಾಡಿಗೆ ಅಥವಾ ಬೆಳಗಾವಿಯ ಸಾಂಬ್ರಾಕ್ಕೆ ಹೋಗುತ್ತಾರೆ. ಬೆಳಗಾವಿ ಬಳಿಯ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿದೇಶಿ ವಿಮಾನ ಕಂಪನಿಗಳಿಗೆ ಬಿಡಿಭಾಗಗಳು ತಯಾರಾಗುತ್ತವೆ. ಜತ್ತ, ಮಿರಜ, ಅಥಣಿ, ಚಿಕ್ಕೋಡಿ ಸೀಮೆಯ ಕನ್ನಡ ಹುಡುಗರಿಗೆ ವಿಮಾನದ ಕೆಲಸ ಈಗ ಒಂದು ದಿನದ ಪ್ರಯಾಣದೊಳಗೇ ಇದೆ.

ಒಂದೂಕಾಲು ಶತಮಾನದ ಈ ಚರಿತ್ರೆಯಲ್ಲಿ ಕೈಗಳಿಗೆ ಕೊರತೆ ಬಂದದ್ದಿಲ್ಲ, ಛಲಕ್ಕೂ ಇಲ್ಲ. ಕೊರತೆ ಇದ್ದದ್ದು ಮೂರಕ್ಕೆ: ಹತ್ತಿರದಲ್ಲೇ ಒಂದು ರನ್‌ವೇ, ಕೆಲಸ ನೋಡಿ ತಿದ್ದಬಲ್ಲ ಪರಿಣತ, ಹವ್ಯಾಸಿಗೆ ಅರ್ಥವಾಗುವ ಅನುಮತಿ ಪದ್ಧತಿ. ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಕಾರ್ಯಾಗಾರಗಳನ್ನು ಊರಿನ ವೆಲ್ಡರ್, ಫಿಟ್ಟರುಗಳಿಗೆ ತೆರೆದು, ನಿವೃತ್ತ ವಿಮಾನ ಎಂಜಿನಿಯರುಗಳನ್ನು ಅವರ ಜೊತೆ ಕೂರಿಸಿದರೆ ಮೂರರಲ್ಲಿ ಒಂದಾದರೂ ಕೂಡಲೇ ನೀಗುತ್ತದೆ. ಉಳಿದೆರಡು ಸರ್ಕಾರದ ಹೊಣೆ.