ಸಖಾಲಿನ್ ದ್ವೀಪದ ಸಾರ್ಜೆಂಟ್ ಬರೆದ ಕಾಗದ

ನಮ್ಮ ಪವಾಯಿಯ ಐ.ಐ.ಟಿ.ಗೂ ರಷ್ಯಕ್ಕೂ ಇರುವ ನಂಟು ಇಲ್ಲಿಯ ಹಳಬರಿಗೆ ಗೊತ್ತೇ ಇದೆ. ಯುನೆಸ್ಕೊ ಮೂಲಕ ಬಂದ ಸೋವಿಯತ್ ನೆರವಿನಿಂದ 1958ರಲ್ಲಿ ಶುರುವಾದ ಸಂಸ್ಥೆ ಅದು. ಮೊದಲ ತರಗತಿಗಳು ನಡೆದದ್ದು ವರ್ಲಿಯಲ್ಲಿ. 1959ರ ಮಾರ್ಚ್ 10ರಂದು ನೆಹರೂ ಪವಾಯಿಯಲ್ಲಿ ಅಡಿಗಲ್ಲು ಹಾಕಿದರು. ಅದೇ ಸೋವಿಯತ್ ದೇಶದಲ್ಲಿ, ಕಾಲೇಜಿನ ಮೆಟ್ಟಿಲನ್ನೇ ಹತ್ತದ ಸೈನಿಕನೊಬ್ಬ ಅದಕ್ಕೂ ಕೆಲವು ವರ್ಷ ಮೊದಲು ಬರೆದ ಒಂದು ಕಾಗದದ ಕಥೆ ಇದು.

ಅವರ ಹೆಸರು ಒಲೆಗ್ ಲಾವ್ರೆಂತಿಯೆವ್. ಹುಟ್ಟಿದ್ದು 1926ರಲ್ಲಿ, ಪ್‌ಸ್ಕೋವ್ ಊರಿನಲ್ಲಿ. ಯುದ್ಧ ಮುಗಿದ ಮೇಲೆ ದೂರದ ಸಖಾಲಿನ್ ದ್ವೀಪದ ಸೇನಾ ತುಕಡಿಯಲ್ಲಿ ಸಾರ್ಜೆಂಟ್. ಹಗಲು ಸೇನೆಯ ಕೆಲಸ, ಸಂಜೆ ಶಾಲೆ. ಕೈಗೆ ಬರುತ್ತಿದ್ದ ಭತ್ಯದಲ್ಲೇ ಭೌತಶಾಸ್ತ್ರದ ಪತ್ರಿಕೆಗೆ ಚಂದಾ ಕಟ್ಟಿ ತರಿಸಿ ಓದುತ್ತಿದ್ದರು!

1950ರ ಜುಲೈನಲ್ಲಿ ಅವರು ಮಾಸ್ಕೋದ ಪಕ್ಷದ ಕೇಂದ್ರ ಸಮಿತಿಗೆ ಒಂದು ಪ್ರಸ್ತಾವ ಕಳಿಸಿದರು. ಅದರ ಒಂದು ಭಾಗ ಹೈಡ್ರೋಜನ್ ಬಾಂಬಿನ ಬಗ್ಗೆ. ಇನ್ನೊಂದು, ಸೂರ್ಯನಲ್ಲಿ ನಡೆಯುವ ಬೆಸುಗೆಯನ್ನು ಭೂಮಿಯ ಮೇಲೆ ಹದವಾಗಿ ನಡೆಸಿ ವಿದ್ಯುತ್ ಪಡೆಯುವ ಬಗ್ಗೆ.

ಇಲ್ಲಿರುವ ತೊಡಕೇನು? ಹೈಡ್ರೋಜನ್ನಿನ ಬೀಜಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಅವು ಬೆಸೆಯಬೇಕಾದರೆ ಸುಮಾರು 10 ಕೋಟಿ ಡಿಗ್ರಿ ಬಿಸಿ ಬೇಕು. ಆ ಬಿಸಿಯಲ್ಲಿ ಅನಿಲವು ವಿದ್ಯುತ್ಕಣಗಳ ಮುದ್ದೆಯಾಗುತ್ತದೆ, ಅದೇ ಪ್ಲಾಸ್ಮಾ. ಅದನ್ನು ಹಿಡಿದಿಡುವ ಪಾತ್ರೆ ಎಲ್ಲಿದೆ? ಗೋಡೆಗೆ ತಾಗಿತೋ, ಗೋಡೆಯೂ ಹಾಳು, ಪ್ಲಾಸ್ಮಾವೂ ತಣ್ಣಗೆ.

ಲಾವ್ರೆಂತಿಯೆವ್ ಸೂಚಿಸಿದ ಉಪಾಯ: ಹೆಚ್ಚಿನ ವೋಲ್ಟೇಜು ಕೊಟ್ಟ ತಂತಿಜಾಲರಿಗಳು. ಕಣಗಳು ಹೊರಗೆ ಬರಹೊರಟರೆ ವಿದ್ಯುತ್ ಕ್ಷೇತ್ರ ಅವನ್ನು ಒಳಕ್ಕೇ ದೂಡಬೇಕು. ಸೊಳ್ಳೆಪರದೆಯ ಹಾಗೆ ಅನ್ನಿ, ಆದರೆ ಸೊಳ್ಳೆ ಒಳಗೆ!

ಈ ಕಾಗದ ಕಸದ ಬುಟ್ಟಿಗೆ ಹೋಗಲಿಲ್ಲ. ಪರಿಶೀಲನೆಗೆ ಆಂದ್ರೇ ಸಖಾರೋವ್ ಅವರ ಕೈಗೆ ಬಂತು. ಅವರು ಕೂಡಲೇ ದೋಷ ಕಂಡರು: ಸುಡುವ ಕಣಗಳು ಜಾಲರಿಯ ತಂತಿಗೇ ಬಡಿಯುತ್ತವಲ್ಲ! ಆದರೂ ಸಮಸ್ಯೆ ಮಹತ್ವದ್ದು, ಬರೆದವನಿಗೆ ಪ್ರೋತ್ಸಾಹ ಬೇಕು ಎಂದೇ ಅಭಿಪ್ರಾಯ ಕೊಟ್ಟರು. ತಂತಿಯ ಬದಲು ಕಾಂತಕ್ಷೇತ್ರ ಬಳಸಿದರೆ ಹೇಗೆ ಎಂಬ ಯೋಚನೆ ಅವರಿಗೆ ಹೊಳೆದದ್ದು ಈ ಓದಿನಿಂದಲೇ. ವಿದ್ಯುತ್ಕಣಗಳು ಕಾಂತರೇಖೆಯನ್ನು ಸುತ್ತುತ್ತಾ ಅದರ ಗುಂಟ ಸಾಗುತ್ತವೆ. ರೇಖೆಗೆ ತುದಿ ಇದ್ದರೆ ಅಲ್ಲಿ ಸೋರಿಹೋಗುತ್ತವೆ. ಆದ್ದರಿಂದ ಅದನ್ನು ಉದ್ದಿನವಡೆಯ ಹಾಗೆ ಬಳೆಯಾಗಿ ಸೇರಿಸಬೇಕು. ಸಖಾರೋವ್ ಮತ್ತು ಅವರ ಗುರು ಇಗೊರ್ ತಾಮ್ ಇದಕ್ಕೆ ಲೆಕ್ಕ ಕಟ್ಟಿದರು. ಮುಂದೆ ಇದೇ 'ಟೋಕಮ್ಯಾಕ್' ಆಯಿತು. 1969ರಲ್ಲಿ ಬ್ರಿಟಿಷ್ ವಿಜ್ಞಾನಿಗಳೇ ಮಾಸ್ಕೋಗೆ ಹೋಗಿ, ಟಿ-3 ಯಂತ್ರದ ಬಿಸಿಯನ್ನು ಲೇಸರಿನಿಂದ ಅಳೆದು ಒಪ್ಪಿಕೊಂಡರು.

ಇತ್ತ ನಮ್ಮ ಹೋಮಿ ಭಾಭಾ 1955ರಲ್ಲಿ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ, ಎರಡು ದಶಕಗಳೊಳಗೆ ಈ ಶಕ್ತಿಯನ್ನು ಪಳಗಿಸುವ ದಾರಿ ಸಿಗುತ್ತದೆ ಎಂದು ಭವಿಷ್ಯ ನುಡಿದರು. ಅದು ಹುಸಿಯಾಯಿತು. ಆದರೆ ಕೆಲಸ ನಿಲ್ಲಲಿಲ್ಲ. 1989ರಲ್ಲಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 'ಆದಿತ್ಯ' ಟೋಕಮ್ಯಾಕ್ ಚಾಲನೆಗೆ ಬಂತು. ಫ್ರಾನ್ಸಿನ 'ಈಟರ್' ಯೋಜನೆಗೆ ಭಾರತ 2005ರಲ್ಲಿ ಸೇರಿತು. ಅದರ ಸುಮಾರು 3,850 ಟನ್ನಿನ ಹೊರಕವಚದ ಭಾಗಗಳನ್ನು ತಯಾರಿಸಿದ್ದು, ಪವಾಯಿಯವರಿಗೆ ಚಿರಪರಿಚಿತವಾದ ಎಲ್ ಅಂಡ್ ಟಿ ಕಂಪನಿ, ತನ್ನ ಹಜೀರಾ ಕಾರ್ಖಾನೆಯಲ್ಲಿ.

ಹಾಗಾದರೆ ಆ ಸಾರ್ಜೆಂಟ್ ಏನಾದರು? ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಓದಿ, 1956ರಲ್ಲಿ ಖಾರ್ಕೋವ್ ಸಂಸ್ಥೆಗೆ ಹೋಗಿ, ಜೀವನವಿಡೀ ಪ್ಲಾಸ್ಮಾದ ಕೆಲಸವನ್ನೇ ಮಾಡಿದರು. ಎಲ್ಲವೂ ಸರ್ಕಾರಿ ಗುಟ್ಟು. ಹೊರಗಿನವರಿಗೆ ಅವರ ಪಾಲು ತಿಳಿಯಲೇ ಇಲ್ಲ. 1950ರ ಆ ಪ್ರಸ್ತಾವ ಮತ್ತು ಸಖಾರೋವ್ ಅಭಿಪ್ರಾಯ ಅಚ್ಚಾದದ್ದು 2001ರಲ್ಲಿ, ಅಂದರೆ ಐವತ್ತು ವರ್ಷಗಳ ಮೇಲೆ! ಅವರು 2011ರಲ್ಲಿ ತೀರಿಕೊಂಡರು.

ಟೋಕಮ್ಯಾಕನ್ನು ಅವರೇ ಕಂಡುಹಿಡಿದರೆಂದರೆ ತಪ್ಪಾಗುತ್ತದೆ. ಅವರ ಜಾಲರಿ ನಿಲ್ಲುವಂಥದ್ದಾಗಿರಲಿಲ್ಲ. ಆದರೆ ಪ್ರಶ್ನೆಯನ್ನು ಸರಿಯಾದ ಕಡೆ ಇಟ್ಟವರು ಅವರು. ತಪ್ಪು ಉತ್ತರದೊಳಗಿನ ಒಳ್ಳೆಯ ಪ್ರಶ್ನೆಯನ್ನು ಗುರುತಿಸಲು ಓದುವವನೂ ದೊಡ್ಡವನಾಗಿರಬೇಕು. ನಮ್ಮ ಕಚೇರಿಗಳಿಗೂ ಇಂಥ ಕಾಗದಗಳು ಬರುತ್ತಿರಬಹುದು. ಅವನ್ನು ಒಡೆದು ಓದುವವರು ಎಷ್ಟು ಮಂದಿ, ಹೇಳಿ?